ಬಾರ್ಬರೆಸ್ಕೊ: ತನ್ನ ಹೆಸರನ್ನು ತಾನೇ ಗಳಿಸಿಕೊಂಡ ಊರು

ಉತ್ತರ ಇಟಲಿಯ ಪಿಯೆಮಾಂಟೆ ಪ್ರಾಂತ್ಯದಲ್ಲಿ, ತಾನಾರೊ ನದಿಯ ಬಲದಂಡೆಯಿಂದ ಕಡಿದಾಗಿ ಎದ್ದ ಗುಡ್ಡದ ನೆತ್ತಿಯ ಮೇಲೆ ಬಾರ್ಬರೆಸ್ಕೊ ಎಂಬ ಊರಿದೆ. ಅಲ್ಲಿ ತಯಾರಾಗುವ ಕೆಂಪು ವೈನಿಗೂ ಅದೇ ಹೆಸರು. ಅಲ್ಲಿ ಏಳುನೂರು ಜನವೂ ಇಲ್ಲ. ವಿಯಾ ತೊರಿನೊ ಎಂಬ ಒಂದು ಬೀದಿ ಹಿಡಿದು ನಡೆದರೆ ಊರು ಹತ್ತು ನಿಮಿಷಕ್ಕೆ ಮುಗಿಯುತ್ತದೆ. ಬೀದಿಯ ಒಂದು ಕಡೆ ವೈನ್ ತಯಾರಿಸುವ ಗಾಯಾ ಕುಟುಂಬದ ಎತ್ತರದ ಗೇಟು, ಅದರ ಎದುರಿಗೆ ಹಳೆಯ ಕೋಟೆಮನೆ. ಬೀದಿಯ ಕೊನೆಯಲ್ಲಿ ಸಂತ ಜೊವಾನ್ನಿಯ ಹೆಸರಿನ ಇಗರ್ಜಿ, ಇಗರ್ಜಿಯ ಎದುರಿಗೆ ಬೆಳೆಗಾರರ ಸಹಕಾರ ಸಂಘದ ಕಟ್ಟಡ. ಅದನ್ನೂ ದಾಟಿದರೆ ಮಧ್ಯಯುಗದ ಚೌಕಾಕಾರದ ಇಟ್ಟಿಗೆಯ ಗೋಪುರ. ಗೋಪುರದ ಎತ್ತರ ಮೂವತ್ತು ಮೀಟರಿಗೂ ಹೆಚ್ಚು. ಅದರ ಆಚೆಗೆ ನೆಲ ನೇರವಾಗಿ ನದಿಗೆ ಇಳಿದುಬಿಡುತ್ತದೆ. ಆಕಾಶ ತಿಳಿಯಾಗಿದ್ದ ದಿನ ಅದರ ಮೇಲಿಂದ ನದಿಯಾಚೆಯ ರೊಯೆರೊ ಗುಡ್ಡಗಳೂ ಅವುಗಳ ಹಿಂದೆ ಆಲ್ಪ್ಸ್ ಸಾಲಿನಲ್ಲಿ ಮೊನ್‌ವೀಸೊ ಶಿಖರವೂ ಕಾಣುತ್ತವೆ.

ನಾನು ಅಲ್ಲಿಗೆ ಹೋದದ್ದು ಅಕ್ಟೋಬರಿನಲ್ಲಿ, ದ್ರಾಕ್ಷಿ ಕೊಯ್ಲಿನ ಕಾಲದಲ್ಲಿ. ಹೋಗುವ ಮೊದಲು ಊರಿನ ಬಗ್ಗೆ ಓದಿಕೊಂಡದ್ದರಲ್ಲಿ ಹೆಚ್ಚಿನದು ಅದರ ವೈನಿನ ರುಚಿಯ ವರ್ಣನೆಯೇ ಆಗಿತ್ತು. ಅಲ್ಲಿಂದ ಬಂದ ಮೇಲೆ ನನ್ನ ಮನಸ್ಸಿನಲ್ಲಿ ನಿಂತಿರುವುದು ಬೇರೆಯೇ ವಿಷಯ. ವೈನನ್ನು ಎಂದೂ ಮುಟ್ಟದ ಓದುಗರಿಗೂ ಅದನ್ನು ಹೇಳಬೇಕೆನಿಸಿದೆ, ಏಕೆಂದರೆ ಅದು ಮೂಲತಃ ರೈತರ ವಿಷಯ. ತಾವು ಬೆಳೆದದ್ದು ಇನ್ನೊಂದು ಊರಿನ ಹೆಸರಿನಲ್ಲಿ ಮಾರಾಟವಾಗುತ್ತಿದ್ದಾಗ ಸಣ್ಣ ಹಿಡುವಳಿದಾರರು ಒಟ್ಟುಗೂಡಿ ತಮ್ಮ ಊರಿನ ಹೆಸರನ್ನು ಬಾಟಲಿಯ ಮೇಲೆ ತಂದದ್ದು, ಅದನ್ನು ಕಳೆದುಕೊಂಡದ್ದು, ಮತ್ತೆ ಒಟ್ಟುಗೂಡಿ ಅದೇ ಹೆಸರನ್ನು ಮರಳಿ ಪಡೆದದ್ದು ಬಾರ್ಬರೆಸ್ಕೊದ ನಿಜವಾದ ಚರಿತ್ರೆ ಎಂದು ನಾನು ನಂಬುತ್ತೇನೆ.

ಮೊದಲು ಬೆಳೆಯ ಮಾತು. ಇಲ್ಲಿನ ದ್ರಾಕ್ಷಿಯ ತಳಿ ನೆಬ್ಬಿಯೋಲೊ. ಬೆಳೆಗಾರನ ತಾಳ್ಮೆಯನ್ನು ಇಷ್ಟು ಪರೀಕ್ಷಿಸುವ ತಳಿ ಅಪರೂಪ. ಅದು ವಸಂತದಲ್ಲಿ ಎಲ್ಲಕ್ಕಿಂತ ಮೊದಲು ಚಿಗುರುತ್ತದೆ, ಆದ್ದರಿಂದ ಏಪ್ರಿಲ್ ತಿಂಗಳ ಹಿಮಕ್ಕೆ ಸಿಕ್ಕಿಕೊಳ್ಳುವ ಭಯವಿದೆ. ಹಣ್ಣಾಗುವುದು ಎಲ್ಲಕ್ಕಿಂತ ಕೊನೆಗೆ, ಆದ್ದರಿಂದ ಶರತ್ಕಾಲದ ಮಳೆಗೆ ಕೊಳೆಯುವ ಭಯವೂ ಇದೆ. ಸಿಪ್ಪೆ ತೆಳು. ರಸದ ಬಣ್ಣವೂ ಗಾಢವಲ್ಲ. ಗಾಜಿನ ಲೋಟದಲ್ಲಿ ಹೊಯ್ದರೆ ಅದರ ಮೂಲಕ ಆಚೆಯ ಬೆರಳು ಕಾಣುವಷ್ಟು ತಿಳಿಗೆಂಪು. ಆದರೆ ಬಾಯಿಗಿಟ್ಟರೆ ಎಳೆ ಅಡಿಕೆ ಜಗಿದಾಗಿನಂಥ ಚೊಗರು ನಾಲಗೆಯನ್ನು ಹಿಡಿಯುತ್ತದೆ. ಈ ಚೊಗರು ತಗ್ಗಿ ಹದಕ್ಕೆ ಬರಲು ವರ್ಷಗಳು ಬೇಕು. ಅದಕ್ಕಾಗಿಯೇ ಇಲ್ಲಿನ ವೈನನ್ನು ಮಾರಾಟಕ್ಕೆ ಬಿಡುವ ಮುನ್ನ ಕನಿಷ್ಠ 26 ತಿಂಗಳು, ಅದರಲ್ಲಿ 9 ತಿಂಗಳು ಮರದ ಪೀಪಾಯಿಯಲ್ಲಿ, ಇಡಬೇಕೆಂದು ಕಾನೂನೇ ಹೇಳುತ್ತದೆ. ‘ರಿಸೆರ್ವಾ’ ಎಂದು ಬರೆದುಕೊಳ್ಳಬೇಕಾದರೆ 50 ತಿಂಗಳು.

ನೆಬ್ಬಿಯೋಲೊ ಎಲ್ಲೆಂದರಲ್ಲಿ ಒಗ್ಗುವುದಿಲ್ಲ. ಬಾರ್ಬರೆಸ್ಕೊದ ಮಣ್ಣು ಸುಣ್ಣದಂಶ ಹೆಚ್ಚಿರುವ, ಬೂದು ನೀಲಿ ಬಣ್ಣದ ಜೇಡಿ. ಲಕ್ಷಾಂತರ ವರ್ಷಗಳ ಹಿಂದೆ ಇಲ್ಲಿದ್ದ ಸಮುದ್ರದ ತಳದಲ್ಲಿ ಕೂತ ಕೆಸರು ಗಟ್ಟಿಯಾಗಿ ಆದದ್ದು. ಒಣಗಿದಾಗ ಅದು ಕೈಯಲ್ಲಿ ಹೆಂಟೆಯಾಗಿ ಒಡೆಯುತ್ತದೆ, ಮಳೆ ಬಂದರೆ ಬೂಟಿಗೆ ಮೆತ್ತಿಕೊಂಡು ಬಿಡುವುದೇ ಇಲ್ಲ. ದಕ್ಷಿಣಕ್ಕೂ ನೈಋತ್ಯಕ್ಕೂ ಮುಖಮಾಡಿದ, ಚಳಿಗಾಲದಲ್ಲಿ ಹಿಮ ಮೊದಲು ಕರಗುವ ಇಳಿಜಾರುಗಳಿಗೆ ಇಲ್ಲಿನ ಆಡುಮಾತಿನಲ್ಲಿ ‘ಸೊರಿ’ ಎನ್ನುತ್ತಾರೆ. ನೆಬ್ಬಿಯೋಲೊಗೆ ಮೀಸಲಾದ ಜಾಗ ಅದು. ಇಳಿಜಾರಿನ ಬುಡದ ತೇವದ ನೆಲಕ್ಕೂ ಉತ್ತರಕ್ಕೆ ಮುಖಮಾಡಿದ ಬದಿಗೂ ಹಿಂದೆ ಬೇರೆ ತಳಿ, ಇಲ್ಲವೇ ಹೇಜ಼ಲ್‌ನಟ್ ಗಿಡ, ಇಲ್ಲವೇ ಬರೀ ಹುಲ್ಲು. ಒಂದೇ ಗುಡ್ಡದ ಎರಡು ಮಗ್ಗುಲಿನ ನಡುವಿನ ಈ ವ್ಯತ್ಯಾಸವನ್ನು ಇಲ್ಲಿನ ಮನೆತನಗಳು ತಲೆಮಾರುಗಳಿಂದ ಬಲ್ಲವು. ಗುಡ್ಡದ ಬುಡದಲ್ಲೇ ಹರಿಯುವ ತಾನಾರೊ ನದಿಯ ಗಾಳಿಯಿಂದಾಗಿ ಇಲ್ಲಿನ ಹಣ್ಣು, ಆಲ್ಬಾ ಪಟ್ಟಣದ ಆಚೆ ಬದಿಯ ಬರೋಲೊ ಗುಡ್ಡಗಳ ಹಣ್ಣಿಗಿಂತ ಕೆಲವು ದಿನ ಮೊದಲೇ ಪಕ್ವವಾಗುತ್ತದೆ.

ಬರೋಲೊದ ಹೆಸರು ಬಂದಮೇಲೆ ಅದನ್ನು ಬಿಡಿಸಿ ಹೇಳಬೇಕು. ಬರೋಲೊ ಕೂಡ ಇದೇ ಲಾಂಗೆ ಗುಡ್ಡಗಾಡಿನ ಊರು, ಅಲ್ಲಿಯೂ ಇದೇ ದ್ರಾಕ್ಷಿ. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಆ ಊರಿಗೆ ಶ್ರೀಮಂತ ಮನೆತನಗಳ ಹಾಗೂ ಸವೊಯ ರಾಜವಂಶದ ಆಸರೆ ಸಿಕ್ಕಿತು. ‘ರಾಜರ ವೈನ್’ ಎಂಬ ಬಿರುದು ಅದಕ್ಕೆ ಅಂಟಿಕೊಂಡಿತು. ಬಾರ್ಬರೆಸ್ಕೊಗೆ ಅಂಥ ಪೋಷಕರಿರಲಿಲ್ಲ. ಇಲ್ಲಿನ ನೆಬ್ಬಿಯೋಲೊ ಒಳ್ಳೆಯದೆಂಬುದು ಎಲ್ಲರಿಗೂ ಗೊತ್ತಿತ್ತು. 1799ರಲ್ಲಿ ಫ್ರೆಂಚರ ಮೇಲಿನ ಗೆಲುವನ್ನು ಆಚರಿಸಲು ಆಸ್ಟ್ರಿಯಾದ ದಂಡನಾಯಕ ಮೆಲಾಸ್ ಈ ಊರಿನಿಂದಲೇ ವೈನನ್ನು ತನ್ನ ಬಿಡಾರಕ್ಕೆ ತರಿಸಿಕೊಂಡನೆಂಬ ದಾಖಲೆಯನ್ನು ಇಲ್ಲಿನವರು ಇಂದಿಗೂ ಹೆಮ್ಮೆಯಿಂದ ನೆನೆಯುತ್ತಾರೆ. ಆದರೂ ರೈತನಿಗೆ ಇದ್ದ ದಾರಿ ಒಂದೇ: ಕೊಯ್ದ ಹಣ್ಣನ್ನು ಗಾಡಿಗೆ ಹೇರಿ ಆಲ್ಬಾದ ಚೌಕಕ್ಕೆ ಒಯ್ಯುವುದು, ವ್ಯಾಪಾರಿ ಹೇಳಿದ ಬೆಲೆಗೆ ಕೊಡುವುದು. ಕೊಯ್ದ ದ್ರಾಕ್ಷಿ ಕಾಯುವುದಿಲ್ಲ, ಆದ್ದರಿಂದ ಚೌಕಾಸಿಯಲ್ಲಿ ಯಾವಾಗಲೂ ಸೋಲುವವನು ಬೆಳೆದವನೇ. ಹಾಗೆ ಮಾರಿಹೋದ ಹಣ್ಣು ಎಷ್ಟೋ ಸಲ ಬರೋಲೊ ಎಂಬ ಹೆಸರಿನಲ್ಲಿ ಬಾಟಲಿ ಸೇರುತ್ತಿತ್ತು.

ಇದನ್ನು ಬದಲಿಸಿದವನು ಹೊರಗಿನಿಂದ ಬಂದ ಒಬ್ಬ ಮೇಷ್ಟ್ರು. ದೊಮಿಜಿಯೊ ಕವಾತ್ಸಾ ಮೊದೆನಾ ಕಡೆಯವನು, ಕೃಷಿವಿಜ್ಞಾನ ಓದಿದವನು. 1881ರಲ್ಲಿ ಆಲ್ಬಾದಲ್ಲಿ ದ್ರಾಕ್ಷಿ ಕೃಷಿ ಹಾಗೂ ವೈನ್ ತಯಾರಿಕೆಯ ರಾಜಾಶ್ರಯದ ಶಾಲೆ ತೆರೆದಾಗ ಅದರ ಮುಖ್ಯಸ್ಥನಾಗಿ ಬಂದು, ಕ್ರಮೇಣ ಬಾರ್ಬರೆಸ್ಕೊದಲ್ಲೇ ತೋಟ ಮಾಡಿ ನೆಲೆಯೂರಿದ. ಈ ಗುಡ್ಡದ ಹಣ್ಣಿಗೆ ತನ್ನದೇ ಆದ ಗುಣವಿದೆ, ಅದು ಬರೋಲೊದ ನೆರಳಲ್ಲಿ ಇರಬೇಕಾಗಿಲ್ಲ ಎಂಬುದು ಅವನ ಖಚಿತ ನಿಲುವು. 1894ರಲ್ಲಿ ಒಂಬತ್ತು ಮಂದಿ ಬೆಳೆಗಾರರನ್ನು ಕೂಡಿಸಿ ಕೋಟೆಮನೆಯಲ್ಲಿ ಸಹಕಾರಿ ವೈನ್ ಘಟಕವೊಂದನ್ನು ಆರಂಭಿಸಿದ. ಬಾಟಲಿಯ ಮೇಲೆ ಬಾರ್ಬರೆಸ್ಕೊ ಎಂಬ ಹೆಸರು ಗೌರವದಿಂದ ಕೂತದ್ದು ಆಗ. ರೈತರ ಹಿತಕ್ಕೆ ನೇರವಾಗಿ ತಾಗುವಂತೆ ವಿಜ್ಞಾನವನ್ನು ಬಳಸಿದ ಇಂಥ ಮೇಷ್ಟ್ರುಗಳನ್ನು ಚರಿತ್ರೆ ಸಾಕಷ್ಟು ನೆನೆಯುವುದಿಲ್ಲ ಎಂಬ ಕೊರಗು ನನಗಿದೆ.

ಕವಾತ್ಸಾನ ಕಾಲ ಯುರೋಪಿನ ಹಳ್ಳಿಹಳ್ಳಿಗಳಲ್ಲಿ ಸಹಕಾರದ ಗಾಳಿ ಬೀಸುತ್ತಿದ್ದ ಕಾಲ. ಜರ್ಮನಿಯ ರೈಫೈಸನ್ ರೂಪಿಸಿದ ಗ್ರಾಮೀಣ ಸಾಲ ಸಂಘದ ಮಾದರಿ 1883ರಲ್ಲಿ ಲೊರೆಜ್ಜಾ ಎಂಬ ಊರಿನ ಮೂಲಕ ಇಟಲಿಗೆ ಬಂದಿತ್ತು. ಅದೇ ಮಾದರಿಯನ್ನು ಮದ್ರಾಸಿನ ಅಧಿಕಾರಿ ಫ್ರೆಡರಿಕ್ ನಿಕೋಲ್ಸನ್ ತನ್ನ ವರದಿಯಲ್ಲಿ ಎತ್ತಿಹಿಡಿದ. ಅದರ ಫಲವಾಗಿ ಭಾರತದಲ್ಲಿ 1904ರ ಸಹಕಾರಿ ಸಾಲ ಸಂಘಗಳ ಕಾಯಿದೆ ಬಂತು. ಮರುವರ್ಷವೇ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಪಿಯೆಮಾಂಟೆಯ ಗುಡ್ಡಕ್ಕೂ ನಮ್ಮ ಎರೆಭೂಮಿಗೂ ಒಂದೇ ಚಿಂತನೆ ಒಂದೆರಡು ದಶಕಗಳ ಅಂತರದಲ್ಲಿ ತಲುಪಿತೆಂಬುದು ಬಾರ್ಬರೆಸ್ಕೊದ ಚೌಕದಲ್ಲಿ ನಿಂತಾಗ ನನಗೆ ತೀರ ಹತ್ತಿರದ ಸಂಗತಿಯಾಗಿ ಕಂಡಿತು.

ಕವಾತ್ಸಾ 1913ರಲ್ಲಿ ತೀರಿಕೊಂಡ. ಹಿಂದೆಯೇ ಮಹಾಯುದ್ಧ ಬಂತು, ಅದರ ಹಿಂದೆ ಫ್ಯಾಸಿಸ್ಟ್ ಆಡಳಿತ. ಆ ಆಡಳಿತದ ಆರ್ಥಿಕ ಕಟ್ಟಳೆಗಳ ಅಡಿಯಲ್ಲಿ ಇಪ್ಪತ್ತರ ದಶಕದಲ್ಲಿ ಸಹಕಾರಿ ಘಟಕ ಬಾಗಿಲು ಹಾಕಿತು. ಊರಿನವರು ಮತ್ತೆ ಆಲ್ಬಾದ ಚೌಕಕ್ಕೆ ಹಣ್ಣು ಹೊತ್ತರು. ಎರಡನೆಯ ಮಹಾಯುದ್ಧದ ನಂತರದ ವರ್ಷಗಳಲ್ಲಿ ಲಾಂಗೆ ಗುಡ್ಡಗಳು ಎಷ್ಟು ಬಡವಾಗಿದ್ದವು ಎಂಬುದನ್ನು ಇಂದಿನ ಹೋಟೆಲುಗಳ, ದುಬಾರಿ ಕಾರುಗಳ ನಡುವೆ ಊಹಿಸುವುದೂ ಕಷ್ಟ. ಟ್ಯೂರಿನ್ನಿನಲ್ಲಿ ಫಿಯಟ್ ಕಾರ್ಖಾನೆ ಸಾವಿರಾರು ಜನರನ್ನು ಸೆಳೆಯುತ್ತಿತ್ತು. ಆಲ್ಬಾದಲ್ಲೇ 1946ರಲ್ಲಿ ಶುರುವಾದ ಫೆರೆರೊ ಕಾರ್ಖಾನೆ ಚಾಕೊಲೇಟ್ ಕೆಲಸಕ್ಕೆ ಆಳು ಹುಡುಕುತ್ತಿತ್ತು. ತಿಂಗಳ ಸಂಬಳ ಕೈಗೆ ಬರುವಾಗ ಆಲಿಕಲ್ಲು ಬಿದ್ದರೆ ವರ್ಷದ ದುಡಿಮೆಯೆಲ್ಲ ಹೋಗುವ ಒಂದೆರಡು ಹೆಕ್ಟೇರಿನ ಇಳಿಜಾರನ್ನು ನೆಚ್ಚಿಕೊಂಡು ಯಾರು ಕೂರುತ್ತಾರೆ?

ಈ ಪ್ರಶ್ನೆಗೆ ಉತ್ತರ ಹುಡುಕಿದವರು ಊರಿನ ಪಾದ್ರಿ ಫಿಯೊರಿನೊ ಮರೆಂಗೊ. ತುಂಡು ತುಂಡು ಹಿಡುವಳಿಗಳು ಒಂದೊಂದಾಗಿ ಉಳಿಯಲಾರವು, ಕೂಡಿದರೆ ಮಾತ್ರ ಉಳಿದಾವು ಎಂಬುದನ್ನು ಅರಿತು, 1958ರಲ್ಲಿ ಅವರು ಹತ್ತೊಂಬತ್ತು ಮಂದಿ ಸಣ್ಣ ಬೆಳೆಗಾರರನ್ನು ಸೇರಿಸಿ ‘ಪ್ರೊದುತ್ತೋರಿ ದೆಲ್ ಬಾರ್ಬರೆಸ್ಕೊ’ ಎಂಬ ಸಂಘ ಕಟ್ಟಿದರು. ಸಂಘಕ್ಕೆ ಕಟ್ಟಡವಿರಲಿಲ್ಲ. ಮೊದಲ ಮೂರು ವರ್ಷದ ವೈನ್ ತಯಾರಾದದ್ದು ಇಗರ್ಜಿಯ ನೆಲಮಾಳಿಗೆಯಲ್ಲಿ. ಆಮೇಲೆ ಚೌಕದ ಎದುರು ಬದಿಯಲ್ಲಿ ಈಗಿರುವ ಕಟ್ಟಡ ಎದ್ದಿತು. ಇಂದು ಅದರಲ್ಲಿ ಐವತ್ತಕ್ಕೂ ಹೆಚ್ಚು ಕುಟುಂಬಗಳಿವೆ, ಅವರ ಒಟ್ಟು ತೋಟ ನೂರು ಹೆಕ್ಟೇರಿಗೂ ಹೆಚ್ಚು. ಬಾರ್ಬರೆಸ್ಕೊ ವೈನಿನ ಇಡೀ ಪ್ರದೇಶ ಸುಮಾರು 700 ಹೆಕ್ಟೇರು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಸಂಘದ ತೂಕ ತಿಳಿದೀತು.

ಸಂಘದ ಕಟ್ಟಳೆಗಳಲ್ಲಿ ನನಗೆ ಅತಿ ಮುಖ್ಯವೆನಿಸಿದ್ದು ಒಂದೇ. ಸದಸ್ಯನಾದವನು ತನ್ನ ತೋಟದ ನೆಬ್ಬಿಯೋಲೊವನ್ನೆಲ್ಲ ಸಂಘಕ್ಕೇ ಕೊಡಬೇಕು. ಒಳ್ಳೆಯ ಹಣ್ಣನ್ನು ತಾನಿಟ್ಟುಕೊಂಡು ಮಿಕ್ಕದ್ದನ್ನು ಸಂಘಕ್ಕೆ ತಳ್ಳುವ ಅವಕಾಶವಿಲ್ಲ. ಎಷ್ಟೋ ಕಡೆ ಸಹಕಾರ ಸಂಘಗಳು ಸೊರಗಿಹೋದದ್ದು ಇದೊಂದು ಜಾಗದಲ್ಲಿ ಸಡಿಲ ಬಿಟ್ಟದ್ದರಿಂದ. ಕೊಯ್ಲಿನ ದಿನಗಳಲ್ಲಿ ಸಂಜೆಯ ಹೊತ್ತಿಗೆ ಟ್ರ್ಯಾಕ್ಟರುಗಳು ಹಣ್ಣಿನ ಪೆಟ್ಟಿಗೆಗಳನ್ನು ಹೇರಿಕೊಂಡು ಸಾಲಾಗಿ ಬರುತ್ತವೆ. ಪ್ರತಿಯೊಬ್ಬರ ಹಣ್ಣನ್ನೂ ತೂಗುತ್ತಾರೆ, ರಸ ತೆಗೆದು ಸಕ್ಕರೆಯ ಪ್ರಮಾಣ ಅಳೆಯುತ್ತಾರೆ, ಯಾವ ತೋಟದ್ದೆಂದು ಬರೆದುಕೊಳ್ಳುತ್ತಾರೆ. ಹಣ ಕೊಡುವುದು ಬರೀ ತೂಕಕ್ಕಲ್ಲ, ಗುಣಕ್ಕೆ. ಆದ್ದರಿಂದ ಬೇಸಿಗೆಯ ನಡುವೆ ಕಾಯಿ ಇನ್ನೂ ಹಸಿರಾಗಿರುವಾಗಲೇ ಗೊಂಚಲುಗಳಲ್ಲಿ ಎಷ್ಟನ್ನೋ ಕತ್ತರಿಸಿ ನೆಲಕ್ಕೆ ಬೀಳಿಸಿ, ಉಳಿದವಕ್ಕೆ ಬಳ್ಳಿಯ ಶಕ್ತಿಯೆಲ್ಲ ಹೋಗುವಂತೆ ಮಾಡುವುದು ರೈತನಿಗೇ ಲಾಭ. ಬೆಳೆದ ಬೆಳೆಯನ್ನು ಕೈಯಾರೆ ಕತ್ತರಿಸಿ ಬೀಳಿಸುವುದನ್ನು ಹಿಂದಿನ ತಲೆಮಾರಿನ ಹಸಿವು ಕಂಡ ರೈತರು ಒಪ್ಪುವುದು ಸುಲಭವಿರಲಿಲ್ಲ.

ಸಂಘ ತನ್ನ ಹಣ್ಣಿನಿಂದ ಎಲ್ಲ ತೋಟ ಕೂಡಿಸಿದ ಒಂದು ಬಾರ್ಬರೆಸ್ಕೊ ಮಾಡುತ್ತದೆ. ಒಳ್ಳೆಯ ವರ್ಷಗಳಲ್ಲಿ ಮಾತ್ರ ಒಂಬತ್ತು ತೋಟಗಳ ಹಣ್ಣನ್ನು ಬೇರೆ ಬೇರೆಯಾಗಿ ಇಟ್ಟು, ಪ್ರತಿಯೊಂದಕ್ಕೂ ಅದರದೇ ಹೆಸರಿನ ರಿಸೆರ್ವಾ ತಯಾರಿಸುತ್ತದೆ. ಅಸೀಲಿ, ರಬಯಾ, ಪೋರಾ, ಪಾಯೆ, ರಿಯೊ ಸೊರ್ದೊ, ಒವೆಲ್ಲೊ, ಮುಂಕಗೋತಾ, ಮೊಂತೆಫೀಕೊ, ಮೊಂತೆಸ್ತೆಫನೊ ಎಂಬ ಈ ಒಂಬತ್ತು ಹೆಸರುಗಳು ಊರಿನ ಸುತ್ತಲಿನ ಇಳಿಜಾರುಗಳ ಹೆಸರುಗಳು. ಒಂಬತ್ತಕ್ಕೂ ಒಂದೇ ತಳಿ, ಒಂದೇ ವಿಧಾನ, ಒಂದೇ ಬಗೆಯ ದೊಡ್ಡ ಓಕ್ ಪೀಪಾಯಿ. ಬದಲಾಗುವುದು ನೆಲ ಮಾತ್ರ. ನದಿಗೆ ಹತ್ತಿರದ ಪೋರಾ ಮೃದು, ಅಸೀಲಿಯದು ನಯವಾದ ಪರಿಮಳ, ಮೊಂತೆಸ್ತೆಫನೊ ವರ್ಷಗಟ್ಟಲೆ ಬಿಗಿ ಬಿಡದ ಗಡುಸು. ಒಬ್ಬನೇ ಮಾಲೀಕ ಇಂಥ ಒಂಬತ್ತು ಜಾಗಗಳಲ್ಲಿ ತೋಟ ಹೊಂದಿರುವುದು ಇಲ್ಲಿ ಅಸಾಧ್ಯಕ್ಕೆ ಸಮ. ಅನೇಕರು ಕೂಡಿದ್ದರಿಂದಲೇ ಊರಿನ ಮಣ್ಣಿನ ಈ ಪಟ ಪೂರ್ತಿಯಾಗಿ ಕಾಣುವಂತಾಯಿತು. ವರ್ಷ ಚೆನ್ನಾಗಿಲ್ಲದಿದ್ದರೆ ಒಂಬತ್ತನ್ನೂ ಬಿಟ್ಟುಕೊಟ್ಟು ಎಲ್ಲ ಹಣ್ಣನ್ನೂ ಸಾದಾ ಬಾರ್ಬರೆಸ್ಕೊಗೆ ಸೇರಿಸುತ್ತಾರೆ. ಅಲ್ಲಿಗೆ ದುಬಾರಿ ಬಾಟಲಿಗಳ ಆದಾಯ ಆ ವರ್ಷ ಹೋದಂತೆಯೇ. ಐವತ್ತು ಮನೆಗಳು ಕೂಡಿ ಇಂಥ ನಷ್ಟಕ್ಕೆ ಒಪ್ಪಿಕೊಳ್ಳುವುದನ್ನು ನಾನು ಬಹಳ ದೊಡ್ಡ ಮಾತೆಂದು ಎಣಿಸುತ್ತೇನೆ.

ಬಾರ್ಬರೆಸ್ಕೊದ ಇನ್ನೊಂದು ಮುಖ ಆಂಜೆಲೊ ಗಾಯಾ. ಅವರ ಮನೆತನ 1859ರಿಂದ ಇಲ್ಲಿ ವೈನ್ ಮಾಡುತ್ತಿದೆ. 1961ರಲ್ಲಿ ಕೆಲಸಕ್ಕೆ ಇಳಿದ ಆಂಜೆಲೊ ಇಳುವರಿ ಕಡಿತ ಮಾಡಿದರು, ಫ್ರಾನ್ಸಿನ ಸಣ್ಣ ಓಕ್ ಪೀಪಾಯಿಗಳನ್ನು ತಂದರು, ಹಿಂದೆ ಆಲ್ಬಾದ ಇಗರ್ಜಿಯ ಆಸ್ತಿಯಾಗಿದ್ದ ಸಾನ್ ಲೊರೆಂಜೊ ತೋಟದ ಹಣ್ಣಿನಿಂದ 1967ರಲ್ಲಿ ಪ್ರತ್ಯೇಕ ಬಾಟಲಿ ಮಾಡಿದರು. ಅದರ ಹಿಂದೆ ಸೊರಿ ತಿಲ್ಡಿನ್, ಕೋಸ್ತಾ ರುಸ್ಸಿ ಬಂದವು. ಫ್ರಾನ್ಸಿನ ಹೆಸರಾಂತ ವೈನುಗಳ ಸಾಲಿನಲ್ಲಿ ಅದೇ ಬೆಲೆಗೆ ತಮ್ಮ ಊರಿನ ವೈನನ್ನು ಇಟ್ಟು ಮಾರಿದ ಧೈರ್ಯ ಅವರದು. ಒಂದು ಕಡೆ ಒಬ್ಬನೇ ನಿಂತು ಜಗತ್ತನ್ನು ಎದುರಿಸಿದ ಮನೆ, ಇನ್ನೊಂದು ಕಡೆ ಹತ್ತಾರು ಮನೆಗಳ ಸಂಘ. ಎರಡೂ ಒಂದೇ ಬೀದಿಯಲ್ಲಿವೆ. ಊರಿಗೆ ಎರಡೂ ಬೇಕಾಗಿದ್ದವು. ಗಾಯಾ ಹೊರಗಿನ ಜನರ ಕಣ್ಣನ್ನು ಈ ಗುಡ್ಡದ ಕಡೆಗೆ ತಿರುಗಿಸಿದರು, ಸಂಘ ಆ ಗುಡ್ಡದ ಮೇಲೆ ಸಣ್ಣವರು ಉಳಿಯುವಂತೆ ನೋಡಿಕೊಂಡಿತು.

ಗಾಯಾ ಮನೆಯ ಮೂರು ತೋಟಗಳ ಲೇಬಲ್ಲಿನಲ್ಲಿ ಬಾರ್ಬರೆಸ್ಕೊ ಎಂಬ ಪದ ಹಲವು ವರ್ಷ ಮಾಯವಾಗಿತ್ತು. 1996ರ ಬೆಳೆಯಿಂದ ಅವರು ಆ ಬಾಟಲಿಗಳ ಮೇಲೆ ‘ಲಾಂಗೆ ನೆಬ್ಬಿಯೋಲೊ’ ಎಂದು ಬರೆಯತೊಡಗಿದರು. ಬಾರ್ಬರೆಸ್ಕೊ ಎಂದು ಬರೆಯಬೇಕಾದರೆ ಅದು ಪೂರ್ತಿ ನೆಬ್ಬಿಯೋಲೊ ಆಗಿರಬೇಕು, ಲಾಂಗೆ ಎಂದರೆ ಸ್ವಲ್ಪ ಬೇರೆ ತಳಿಯ ರಸ ಸೇರಿಸಬಹುದು ಎಂಬುದು ಅದಕ್ಕೆ ಒಂದು ಕಾರಣ. ಊರಿಗೆ ಹೆಸರು ತಂದವರೇ ಊರಿನ ಹೆಸರು ಬಿಟ್ಟರಲ್ಲ ಎಂಬ ನೋವು ಅನೇಕರಲ್ಲಿತ್ತು. ಮುಂದೆ ಮನೆಯ ಹೊಸ ತಲೆಮಾರು ಹೊಣೆ ವಹಿಸಿಕೊಂಡ ಮೇಲೆ, 2013ರ ಬೆಳೆಯಿಂದ ಮೂರೂ ತೋಟಗಳು ಬಾರ್ಬರೆಸ್ಕೊ ಎಂಬ ಹೆಸರಿಗೆ, ಪೂರ್ತಿ ನೆಬ್ಬಿಯೋಲೊಗೆ ಮರಳಿದವು. ಇದು ಸರಿಯಾದ ನಿರ್ಧಾರವೆಂದೇ ನನ್ನ ಭಾವನೆ.

ಹೆಸರಿಗೆ ಇಲ್ಲಿನವರು ಇಷ್ಟು ಬೆಲೆ ಕೊಡುವುದರ ಹಿಂದೆ ಒಂದು ಕಹಿ ನೆನಪೂ ಇದೆ. 1986ರಲ್ಲಿ ಇದೇ ಜಿಲ್ಲೆಯ ನಾರ್ಜೊಲೆ ಎಂಬ ಊರಿನಿಂದ ಹೊರಟ ಅಗ್ಗದ ವೈನಿನಲ್ಲಿ ಮೆಥನಾಲ್ ಬೆರೆತಿತ್ತು. ಅದನ್ನು ಕುಡಿದು ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು, ಇನ್ನೂ ಹಲವರು ಕಣ್ಣು ಕಳೆದುಕೊಂಡರು. ಇಟಲಿಯ ವೈನ್ ರಫ್ತು ಕುಸಿಯಿತು. ಪ್ರಾಮಾಣಿಕವಾಗಿ ದುಡಿದವರ ಮೇಲೂ ಅನುಮಾನ ಬಿತ್ತು. ಬಾರ್ಬರೆಸ್ಕೊಗೆ 1966ರಲ್ಲೇ ಕಾನೂನಿನ ರಕ್ಷಣೆ, 1980ರಲ್ಲಿ ಅದಕ್ಕೂ ಕಟ್ಟುನಿಟ್ಟಾದ ಅತ್ಯುನ್ನತ ದರ್ಜೆ ಸಿಕ್ಕಿತ್ತು: ಬಾರ್ಬರೆಸ್ಕೊ, ನೆಯ್ವೆ, ತ್ರೆಯಿಸೊ ಊರುಗಳು ಹಾಗೂ ಆಲ್ಬಾದ ಒಂದು ಮೂಲೆಯ ನೆಲದಲ್ಲಿ ಬೆಳೆದದ್ದಕ್ಕೆ ಮಾತ್ರ ಆ ಹೆಸರು. 2007ರಲ್ಲಿ ತೋಟಗಳ ಗಡಿಗಳನ್ನೂ ಅಧಿಕೃತವಾಗಿ ಗುರುತಿಸಲಾಯಿತು. 2014ರಲ್ಲಿ ಯುನೆಸ್ಕೊ ಈ ಗುಡ್ಡಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಯಶಸ್ಸು ತನ್ನ ಜೊತೆಗೆ ತಂದ ತೊಡಕುಗಳೂ ಕಡಿಮೆಯಿಲ್ಲ. ಒಳ್ಳೆಯ ಇಳಿಜಾರಿನ ಬೆಲೆ ಈಗ ಸಾಮಾನ್ಯ ರೈತನ ಕೈಗೆ ಎಟುಕುವಂತಿಲ್ಲ. ಅಪ್ಪನ ತೋಟವನ್ನು ಪಾಲು ಮಾಡಿಕೊಳ್ಳುವಾಗ ಅಣ್ಣತಮ್ಮಂದಿರಲ್ಲಿ ಒಬ್ಬನು ಇನ್ನೊಬ್ಬನ ಪಾಲನ್ನು ಕೊಳ್ಳಲಾರದೆ ಹೊರಗಿನ ಹಣವಂತರಿಗೆ ಮಾರಬೇಕಾಗುವ ಸಂದರ್ಭಗಳಿವೆ. ಕೊಯ್ಲಿನಲ್ಲಿ ಸಾಲುಗಳ ನಡುವೆ ಬಾಗಿ ದುಡಿಯುವವರಲ್ಲಿ ಉತ್ತರ ಮೆಸಿಡೋನಿಯಾದಿಂದ, ಆಫ್ರಿಕಾದಿಂದ ಬಂದವರೇ ಬಹಳ. ಮೆಸಿಡೋನಿಯಾದ ಹಲವು ಕುಟುಂಬಗಳು ಈ ಗುಡ್ಡಗಳಲ್ಲೇ ನೆಲೆಸಿ ಮಕ್ಕಳನ್ನು ಇಲ್ಲಿನ ಶಾಲೆಗಳಲ್ಲಿ ಓದಿಸಿವೆ. ಆದರೆ ಮಧ್ಯವರ್ತಿಗಳ ಕೈಗೆ ಸಿಕ್ಕಿ ನ್ಯಾಯವಾದ ಕೂಲಿಯೂ ಸಿಗದೆ ನರಳುವ ಕೆಲಸಗಾರರ ಸುದ್ದಿಗಳೂ ಈಚಿನ ವರ್ಷಗಳಲ್ಲಿ ಲಾಂಗೆಯಿಂದ ಬಂದಿವೆ. ಬಾಟಲಿಯ ಮೇಲೆ ತೋಟದ ಹೆಸರನ್ನು ಇಷ್ಟು ನಿಷ್ಠೆಯಿಂದ ಬರೆಯುವ ಪ್ರದೇಶ, ಕೊಯ್ದವರ ಕೂಲಿಯ ಬಗ್ಗೆಯೂ ಅಷ್ಟೇ ನಿಷ್ಠೆ ತೋರಬೇಕು; ಈ ವಿಷಯದಲ್ಲಿ ನನಗೆ ಎರಡು ಮಾತಿಲ್ಲ.

ಹವಾಮಾನವೂ ಬದಲಾಗುತ್ತಿದೆ. ಮೊದಲು ಅಕ್ಟೋಬರಿನ ಮಂಜು ಕವಿಯುವ ತನಕ ಹಣ್ಣಿಗಾಗಿ ಕಾಯುತ್ತಿದ್ದವರು ಈಗ ಎಷ್ಟೋ ವರ್ಷ ಸೆಪ್ಟೆಂಬರಿನಲ್ಲೇ ಕೊಯ್ಲು ಆರಂಭಿಸುತ್ತಾರೆ. 2022ರ ಬರಗಾಲದಲ್ಲಿ ಪೋ ನದಿಯ ಇಡೀ ಬಯಲೇ ಬಾಯಾರಿತ್ತು. ಹಣ್ಣಾಗುವುದೇ ಇಲ್ಲವೆಂಬ ಹಳೆಯ ಚಿಂತೆ ಹೋಗಿ, ಸಕ್ಕರೆ ಬೇಗ ಏರಿ ಸಿಪ್ಪೆ ಹದಗೊಳ್ಳುವ ಮೊದಲೇ ಕೊಯ್ಯಬೇಕಾಗುವ ಹೊಸ ಚಿಂತೆ ಬಂದಿದೆ. ಹಿಂದೆ ಎಲೆಗಳನ್ನು ಕಿತ್ತು ಗೊಂಚಲಿಗೆ ಬಿಸಿಲು ಬೀಳಿಸುತ್ತಿದ್ದ ಕಡೆ ಈಗ ಎಲೆಯ ನೆರಳನ್ನು ಉಳಿಸಿಕೊಳ್ಳುತ್ತಾರೆ; ಸಾಲುಗಳ ನಡುವಿನ ಹುಲ್ಲನ್ನು ಉಳದೆ ಬಿಟ್ಟು ನೆಲದ ತಂಪು ಕಾಯುತ್ತಾರೆ. ಅಜ್ಜಂದಿರು ನೆಬ್ಬಿಯೋಲೊಗೆ ಅನರ್ಹವೆಂದು ಬಿಟ್ಟಿದ್ದ ತಂಪಾದ ಮಗ್ಗುಲುಗಳ ಮೇಲೆ ಮೊಮ್ಮಕ್ಕಳ ಕಣ್ಣು ಬಿದ್ದಿದೆ.

ಕನ್ನಡಿಗರಲ್ಲಿ ಯಾರಾದರೂ ಟ್ಯೂರಿನ್ ಅಥವಾ ಮಿಲಾನ್ ಕಡೆಗೆ ಓದಲೋ ಕೆಲಸಕ್ಕೋ ಹೋದವರು ಬಾರ್ಬರೆಸ್ಕೊಗೆ ಹೋಗುವುದಾದರೆ ಆಲ್ಬಾವರೆಗೆ ರೈಲಿದೆ, ಅಲ್ಲಿಂದ ಊರು ಹತ್ತು ಕಿಲೋಮೀಟರಿನೊಳಗೆ. ಅಕ್ಟೋಬರ್, ನವೆಂಬರಿನಲ್ಲಿ ನಡೆಯುವ ಬಿಳಿ ಟ್ರಫಲ್ (ನೆಲದಡಿ ಬೆಳೆಯುವ ಅಣಬೆ) ಜಾತ್ರೆಯ ನೂಕುನುಗ್ಗಲಿಗಿಂತ ಫೆಬ್ರವರಿ ಒಳ್ಳೆಯದು. ಆಗ ಚಾಟನಿಯ, ಎಂದರೆ ಬಳ್ಳಿ ಸವರುವ, ಕೆಲಸ ನಡೆದಿರುತ್ತದೆ, ಎಲೆಗಳಿಲ್ಲದ್ದರಿಂದ ಇಳಿಜಾರಿನ ಮೈಕಟ್ಟು ಸ್ಪಷ್ಟವಾಗಿ ಕಾಣುತ್ತದೆ, ಹಿಮ ಯಾವ ಮಗ್ಗುಲಲ್ಲಿ ಮೊದಲು ಕರಗಿದೆಯೆಂದು ಕಣ್ಣಾರೆ ನೋಡಬಹುದು. ಪೂಜೆ ನಿಂತುಹೋದ ಸಂತ ದೊನಾತೊ ಇಗರ್ಜಿಯಲ್ಲಿ ಈಗ ಪ್ರಾದೇಶಿಕ ವೈನ್ ಭಂಡಾರವಿದೆ. ಊರಿನ, ಸುತ್ತಮುತ್ತಲಿನ ಬೆಳೆಗಾರರ ಬಾಟಲಿಗಳು ಅಲ್ಲಿ ಒಟ್ಟಿಗೆ ಇವೆ. ಅಲ್ಲಿಂದ ಹೊರಟು ಬೀದಿಯ ಕೊನೆಯ ಸಂಘಕ್ಕೆ ಹೋಗಿ, ಒಂದೇ ವರ್ಷದ ಅಸೀಲಿಯನ್ನೂ ಮೊಂತೆಸ್ತೆಫನೊವನ್ನೂ ಅಕ್ಕಪಕ್ಕದಲ್ಲಿಟ್ಟು ರುಚಿ ನೋಡಿ. ಕುಡಿಯದವರು ಆ ಎರಡು ಇಳಿಜಾರುಗಳ ನಡುವೆ ನಡೆದುಬಂದರೂ ಸರಿ, ಅರ್ಧ ದಿನ ಸಾಕು.